ಹೊಸ ಸರಕಾರ, ಹಳೆಯ ಸೆರೆಮನೆ



ಅಮೇರಿಕದಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ನಮ್ಮ ಮನೆಗಳಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ. ಇನ್ನು ಏನಾಗಬಹುದು? ಮಗನನ್ನು ಅಲ್ಲಿಗೆ ಓದಲು ಕಳುಹಿಸಿದ ತಂದೆಗೆ ವೀಸಾದ ಚಿಂತೆ. ಗಲ್ಫಿನಲ್ಲಿ ದುಡಿಯುವವರಿಗೆ ಯುದ್ಧದ ಚಿಂತೆ. ಪತ್ರಿಕೆ ಓದುವ ಹಿರಿಯರಿಗೆ ಫೆಲೆಸ್ತೀನಿನ ಚಿಂತೆ. ಕೆಲವರು ಹೊಸಬರ ಮೇಲೆ ಅಪಾರ ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು, ‘ಯಾರು ಬಂದರೂ ಅಷ್ಟೇ, ಎಲ್ಲರೂ ಒಂದೇ’ ಎಂದು ಪತ್ರಿಕೆ ಮಡಚಿಡುತ್ತಾರೆ. ಈ ಎರಡೂ ನಿಲುವುಗಳು ಅಪೂರ್ಣ ಎಂಬುದು ನನ್ನ ಅಭಿಪ್ರಾಯ.

ನನಗೆ ನೀಡಲಾದ ವಿಷಯ ‘ಅಮೇರಿಕದ ಹೊಸ ಆಡಳಿತ ಮತ್ತು ಅದರ ನೀತಿಗಳು’. ವಿಷಯ ಬಹಳ ವಿಶಾಲವಾದುದು. ಆದ್ದರಿಂದ ನಾನು ಒಂದೇ ಒಂದು ಸೆರೆಮನೆಯ ಇತಿಹಾಸವನ್ನು ಎತ್ತಿಕೊಳ್ಳುತ್ತೇನೆ. ಅಮೇರಿಕದ ಹೊಸ ಸರಕಾರವೊಂದು ಏನು ಮಾಡಬಲ್ಲದು, ಏನು ಮಾಡಲಾರದು, ಮತ್ತು ಏನು ಮಾಡಲು ಮನಸ್ಸು ಮಾಡುವುದಿಲ್ಲ ಎಂಬುದನ್ನು ಅರಿಯಲು ಅದೊಂದೇ ಸಾಕು. ಅದು ಗ್ವಾಂಟನಾಮೊ ಸೆರೆಮನೆ.

ಗ್ವಾಂಟನಾಮೊ ಕೊಲ್ಲಿ ಇರುವುದು ಅಮೇರಿಕದಲ್ಲಲ್ಲ, ಕ್ಯೂಬಾದಲ್ಲಿ. 1903ರಲ್ಲಿ ಆ ನೆಲವನ್ನು ನೌಕಾನೆಲೆಗಾಗಿ ಅಮೇರಿಕ ಗುತ್ತಿಗೆಗೆ ಪಡೆಯಿತು. ಇಂದಿಗೂ ವರ್ಷಕ್ಕೆ ಸುಮಾರು 4 ಸಾವಿರ ಡಾಲರುಗಳ ಬಾಡಿಗೆಯನ್ನಷ್ಟೇ ಅದಕ್ಕೆ ನಿಗದಿಪಡಿಸಲಾಗಿದೆ. ಕ್ಯೂಬಾದ ಕ್ರಾಂತಿಕಾರಿ ಸರಕಾರ ಈ ಗುತ್ತಿಗೆಯನ್ನು ಒಪ್ಪದೆ, ಬಾಡಿಗೆಯ ಚೆಕ್ಕನ್ನು ನಗದೀಕರಿಸುವುದನ್ನೇ ನಿಲ್ಲಿಸಿತು. ನೆಲ ಕ್ಯೂಬಾದ್ದು, ಅಧಿಕಾರ ಅಮೇರಿಕದ್ದು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಜಾರ್ಜ್ ಬುಶ್ ಆಡಳಿತಕ್ಕೆ ಬೇಕಾಗಿದ್ದುದು ಇಂತಹ ಜಾಗವೇ. ಅಮೇರಿಕದ ನ್ಯಾಯಾಲಯಗಳ ಕೈ ಅಲ್ಲಿಗೆ ತಲುಪದು ಎಂಬುದು ಅವರ ಲೆಕ್ಕಾಚಾರವಾಗಿತ್ತು.

2002ರ ಜನವರಿ 11ರಂದು ಮೊದಲ 20 ಕೈದಿಗಳನ್ನು ಅಲ್ಲಿಗೆ ತರಲಾಯಿತು. ಬಳಿಕ ಒಟ್ಟು ಸುಮಾರು 780 ಮಂದಿ ಅಲ್ಲಿ ಬಂಧಿಯಾದರು. ಎಲ್ಲರೂ ಮುಸ್ಲಿಮರು. ಇವರು ‘ಕೆಟ್ಟವರಲ್ಲಿ ಅತಿ ಕೆಟ್ಟವರು’ ಎಂದು ಜಗತ್ತಿಗೆ ಹೇಳಲಾಯಿತು. ಆದರೆ ವಾಸ್ತವವೇನು? 2006ರಲ್ಲಿ ಅಮೇರಿಕದ ಸೆಟನ್ ಹಾಲ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯು ರಕ್ಷಣಾ ಇಲಾಖೆಯ ದಾಖಲೆಗಳನ್ನೇ ಅಧ್ಯಯನ ಮಾಡಿ ವರದಿಯೊಂದನ್ನು ಪ್ರಕಟಿಸಿತು. ಅಮೇರಿಕದ ಸೈನಿಕರೇ ಸೆರೆಹಿಡಿದವರು ಕೇವಲ ಶೇ. 5. ಶೇ. 86 ಮಂದಿಯನ್ನು ಹಿಡಿದುಕೊಟ್ಟದ್ದು ಪಾಕಿಸ್ತಾನ ಅಥವಾ ಅಫ್ಘಾನಿಸ್ತಾನದ ಉತ್ತರ ಮೈತ್ರಿಕೂಟ. ಅದೂ ಯಾವಾಗ? ಶಂಕಿತರನ್ನು ಹಿಡಿದುಕೊಟ್ಟವರಿಗೆ ಭಾರೀ ಬಹುಮಾನ ನೀಡುವುದಾಗಿ ಅಮೇರಿಕವು ಕರಪತ್ರ ಹಂಚುತ್ತಿದ್ದ ಕಾಲದಲ್ಲಿ. ಬಡತನ ತಾಂಡವವಾಡುವ ನಾಡಿನಲ್ಲಿ ಮನುಷ್ಯರ ತಲೆಗೆ ಬೆಲೆ ಕಟ್ಟಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಅಲ್ಲಿದ್ದವರೆಲ್ಲ ನಿರಪರಾಧಿಗಳೆಂದು ನಾನು ವಾದಿಸುವುದಿಲ್ಲ. ಸೆಪ್ಟೆಂಬರ್ 11ರಂದು ಸುಮಾರು 3 ಸಾವಿರ ಅಮಾಯಕರ ಜೀವ ತೆಗೆದ ಸಂಚಿನ ಆರೋಪ ಹೊತ್ತವರೂ ಅಲ್ಲಿದ್ದಾರೆ. ಅಪರಾಧ ಮಾಡಿದವನಿಗೆ ಶಿಕ್ಷೆಯಾಗಲೇಬೇಕು. ಆದರೆ ಅಪರಾಧಿ ಯಾರು, ನಿರಪರಾಧಿ ಯಾರು ಎಂದು ತೀರ್ಮಾನಿಸುವುದು ಹೇಗೆ? ವಿಚಾರಣೆಯ ಮೂಲಕ. ಗ್ವಾಂಟನಾಮೊದಲ್ಲಿ ನಿರಾಕರಿಸಲ್ಪಟ್ಟದ್ದು ಅದುವೇ.

ಈ ಅನ್ಯಾಯದ ವಿರುದ್ಧ ಮೊದಲು ಧ್ವನಿಯೆತ್ತಿದವರಲ್ಲಿ ಅಮೇರಿಕನ್ನರೂ ಇದ್ದರೆಂಬುದನ್ನು ನಾವು ಮರೆಯಬಾರದು. ಸಲೀಂ ಹಮ್ದಾನ್ ಎಂಬ ಯೆಮನ್ ದೇಶದ ಕಾರು ಚಾಲಕನ ಪರವಾಗಿ ವಾದಿಸಲು ಚಾರ್ಲ್ಸ್ ಸ್ವಿಫ್ಟ್ ಎಂಬ ನೌಕಾಪಡೆಯ ವಕೀಲರನ್ನು ಸೇನೆಯೇ ನೇಮಿಸಿತು. ಅವರು ಸಮವಸ್ತ್ರದಲ್ಲಿದ್ದುಕೊಂಡೇ ತನ್ನ ಸರಕಾರದ ವಿರುದ್ಧ ಮೊಕದ್ದಮೆ ನಡೆಸಿದರು. ಬುಶ್ ಆಡಳಿತ ರಚಿಸಿದ ಸೇನಾ ನ್ಯಾಯಮಂಡಳಿಗಳು ಕಾನೂನುಬಾಹಿರವೆಂದು 2006ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸ್ವಿಫ್ಟ್ ಗೆದ್ದರು. ಆದರೆ ಅವರಿಗೆ ಬಡ್ತಿ ಸಿಗಲಿಲ್ಲ. ಅವರು ಸೇನೆ ಬಿಟ್ಟು ಹೊರನಡೆದರು. ನ್ಯಾಯದ ಪರವಾಗಿ ನಿಲ್ಲುವವನು ಬೆಲೆ ತೆರಬೇಕಾಗುತ್ತದೆ ಎಂಬುದು ಎಲ್ಲ ದೇಶಗಳಿಗೂ ಅನ್ವಯಿಸುವ ಸತ್ಯ.

ಎರಡು ವರ್ಷಗಳ ಬಳಿಕ, 2008ರ ಜೂನ್ 12ರಂದು, ಅದೇ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಇನ್ನೊಂದು ತೀರ್ಪು ನೀಡಿತು. ಲಖ್ದರ್ ಬೂಮದೀನ್ ಎಂಬವರು ಬೋಸ್ನಿಯಾದಲ್ಲಿ ರೆಡ್ ಕ್ರೆಸೆಂಟ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಅಲ್ಜೀರಿಯಾ ಮೂಲದ ವ್ಯಕ್ತಿ. ಬೋಸ್ನಿಯಾದ ನ್ಯಾಯಾಲಯ ಅವರ ಬಿಡುಗಡೆಗೆ ಆದೇಶಿಸಿದ್ದರೂ ಅವರನ್ನು ಅಮೇರಿಕಕ್ಕೆ ಒಪ್ಪಿಸಲಾಗಿತ್ತು. ಗ್ವಾಂಟನಾಮೊದ ಕೈದಿಗೂ ಹೇಬಿಯಸ್ ಕಾರ್ಪಸ್ ಹಕ್ಕಿದೆ, ತನ್ನನ್ನು ಏಕೆ ಬಂಧಿಸಿದಿರಿ ಎಂದು ಆತ ನ್ಯಾಯಾಧೀಶರ ಮುಂದೆ ಕೇಳಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಬೂಮದೀನ್‌ರ ಬಂಧನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅದೇ ನವೆಂಬರ್‌ನಲ್ಲಿ ಕೆಳ ನ್ಯಾಯಾಲಯ ಕಂಡುಕೊಂಡಿತು. 2009ರ ಮೇ ತಿಂಗಳಲ್ಲಿ ಫ್ರಾನ್ಸ್ ಅವರಿಗೆ ಆಶ್ರಯ ನೀಡಿತು. ಅಷ್ಟರಲ್ಲಿ ಅವರ ಬದುಕಿನ ಏಳು ವರ್ಷಗಳು ಕಳೆದುಹೋಗಿದ್ದವು.

ಹೇಬಿಯಸ್ ಕಾರ್ಪಸ್ ಎಂಬ ಮಾತು ನಮಗೆ ಅಪರಿಚಿತವೇನಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಈ ಹಕ್ಕು ಅಮಾನತಿನಲ್ಲಿದೆಯೆಂದು ನಮ್ಮದೇ ಸುಪ್ರೀಂ ಕೋರ್ಟು ಹೇಳಿತ್ತು. ಭಿನ್ನಮತ ವ್ಯಕ್ತಪಡಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ನ್ಯಾಯಾಲಯವು ವಿಧ್ಯುಕ್ತವಾಗಿ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ತೀರ್ಪಿನಲ್ಲಿ. ಒಂದು ತಪ್ಪನ್ನು ತಿದ್ದಲು 41 ವರ್ಷಗಳು ಬೇಕಾದುವು. ಆದ್ದರಿಂದ ಅಮೇರಿಕದ ಕಡೆಗೆ ಬೆರಳು ತೋರುವಾಗ ನಾವೂ ವಿನಯದಿಂದಿರಬೇಕು.

ಈಗ 2009ಕ್ಕೆ ಬರೋಣ. ಬರಾಕ್ ಒಬಾಮ ಅಧ್ಯಕ್ಷರಾದರು. ಅಧಿಕಾರ ವಹಿಸಿಕೊಂಡ ಎರಡೇ ದಿನಗಳಲ್ಲಿ, ಜನವರಿ 22ರಂದು, ಒಂದು ವರ್ಷದೊಳಗೆ ಗ್ವಾಂಟನಾಮೊ ಸೆರೆಮನೆಯನ್ನು ಮುಚ್ಚಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ನಿವೃತ್ತ ಸೇನಾಧಿಕಾರಿಗಳು ಅವರ ಹಿಂದೆ ಸಾಲಾಗಿ ನಿಂತಿದ್ದರು. ಅದೇ ದಿನ ಚಿತ್ರಹಿಂಸೆಯನ್ನು ನಿಷೇಧಿಸುವ, ಸಿಐಎಯ ರಹಸ್ಯ ಬಂದೀಖಾನೆಗಳನ್ನು ಮುಚ್ಚುವ ಆದೇಶವೂ ಹೊರಬಿತ್ತು. ಜೂನ್ 4ರಂದು ಕೈರೋ ವಿಶ್ವವಿದ್ಯಾನಿಲಯದಲ್ಲಿ ಮುಸ್ಲಿಮ್ ಜಗತ್ತನ್ನುದ್ದೇಶಿಸಿ ಮಾತನಾಡಿದಾಗ ಈ ಎರಡೂ ಆದೇಶಗಳನ್ನು ಅವರು ನೆನಪಿಸಿದರು. ಸಭೆ ಕರತಾಡನ ಮಾಡಿತು. ಪ್ರಾಮಾಣಿಕವಾಗಿ ಹೇಳುವುದಾದರೆ ನಾನೂ ಟಿವಿಯ ಮುಂದೆ ಕುಳಿತು ಸಂತೋಷಪಟ್ಟಿದ್ದೆ.

ಆ ವಾಗ್ದಾನ ಆಗ ಅಸಾಧ್ಯವೆಂದು ಯಾರಿಗೂ ತೋರಿರಲಿಲ್ಲ. ಸ್ವತಃ ಬುಶ್ ಅವರೇ ಅದನ್ನು ಮುಚ್ಚುವ ಇಚ್ಛೆ ವ್ಯಕ್ತಪಡಿಸಿದ್ದರು. ಅವರ ಅವಧಿಯಲ್ಲೇ 500ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಕಳುಹಿಸಲಾಗಿತ್ತು. ಒಬಾಮರ ಎದುರಾಳಿಯಾಗಿದ್ದ ಜಾನ್ ಮೆಕೇನ್ ಕೂಡಾ ಅದೇ ಭರವಸೆ ನೀಡಿದ್ದರು. ಉಳಿದವರು ಸುಮಾರು 240 ಮಂದಿ. ಹಾಗಿದ್ದೂ ಎಡವಿದ್ದೆಲ್ಲಿ?

ಎಡವಿದ್ದು ಕೆಲವು ಉಯಿಗುರ್ ಕೈದಿಗಳ ವಿಷಯದಲ್ಲಿ. ಚೀನಾದ ದಬ್ಬಾಳಿಕೆಯಿಂದ ಪಲಾಯನ ಮಾಡಿ ಬಂದ 17 ಮಂದಿ ಉಯಿಗುರ್ ಮುಸ್ಲಿಮರು ಆಗ ಅಲ್ಲಿದ್ದರು. ಅವರು ತನ್ನ ಶತ್ರುಗಳಲ್ಲವೆಂದು ಅಮೇರಿಕ ಸರಕಾರವೇ ಒಪ್ಪಿಕೊಂಡಿತ್ತು. ಚೀನಾಕ್ಕೆ ಮರಳಿಸಿದರೆ ಹಿಂಸೆ ಖಚಿತ. ಆದ್ದರಿಂದ ಅವರಲ್ಲಿ ಕೆಲವರನ್ನು ವಾಷಿಂಗ್ಟನ್ ಸಮೀಪದ ವರ್ಜೀನಿಯಾದಲ್ಲಿ ನೆಲೆಗೊಳಿಸುವ ಯೋಜನೆ ಸಿದ್ಧವಾಯಿತು. ಸುದ್ದಿ ಸೋರಿಕೆಯಾಯಿತು. ‘ನಿಮ್ಮ ನೆರೆಮನೆಗೆ ಭಯೋತ್ಪಾದಕರು ಬರುತ್ತಿದ್ದಾರೆ’ ಎಂಬ ಕೂಗೆದ್ದಿತು. ಶ್ವೇತಭವನ ಹಿಂಜರಿಯಿತು, ಯೋಜನೆಯನ್ನು ಕೈಬಿಟ್ಟಿತು.

ಭಯದ ರಾಜಕೀಯಕ್ಕೆ ಒಮ್ಮೆ ತಲೆಬಾಗಿದರೆ ಅದು ಮತ್ತೆ ಮತ್ತೆ ಬಂದು ಬಾಗಿಲು ಬಡಿಯುತ್ತದೆ. 2009ರ ಮೇ 20ರಂದು, ಸೆರೆಮನೆ ಮುಚ್ಚಲು ಕೇಳಿದ್ದ 8 ಕೋಟಿ ಡಾಲರುಗಳನ್ನು ಅಮೇರಿಕದ ಸೆನೆಟ್ ನಿರಾಕರಿಸಿತು. ಮತಗಳೆಷ್ಟು? ವಿರುದ್ಧವಾಗಿ 90, ಪರವಾಗಿ 6. ಒಬಾಮರ ಸ್ವಂತ ಪಕ್ಷದ ಬಹುಪಾಲು ಸದಸ್ಯರೂ ಆ 90ರಲ್ಲಿ ಸೇರಿದ್ದರು. ಕೊನೆಗೆ ಆ ಉಯಿಗುರರಲ್ಲಿ ನಾಲ್ವರು ಬರ್ಮುಡಾ ದ್ವೀಪಕ್ಕೆ, ಆರು ಮಂದಿ ಪೆಸಿಫಿಕ್ ಸಾಗರದ ಪಲಾವು ದ್ವೀಪಕ್ಕೆ ಹೋದರು. ಉಳಿದವರು ಸ್ವಿಟ್ಜರ್ಲೆಂಡ್, ಎಲ್ ಸಾಲ್ವಡಾರ್‌ಗಳಿಗೆ ಚದುರಿದರು. ಕೊನೆಯ ಮೂವರು ಸ್ಲೊವಾಕಿಯಾ ತಲುಪುವಾಗ 2013ರ ಡಿಸೆಂಬರ್ ಮುಗಿಯುತ್ತಿತ್ತು. 30 ಕೋಟಿಗೂ ಮಿಕ್ಕಿದ ಜನರಿರುವ ಮಹಾಶಕ್ತಿಗೆ ತಾನೇ ನಿರ್ದೋಷಿಗಳೆಂದು ಒಪ್ಪಿಕೊಂಡವರಿಗೆ ಮನೆ ಕೊಡುವ ಧೈರ್ಯ ಬರಲಿಲ್ಲ. ಪುಟ್ಟ ದ್ವೀಪಗಳು ಆ ಧೈರ್ಯ ತೋರಿದವು.

ಆದರೆ ತಪ್ಪೆಲ್ಲವೂ ಸೆನೆಟ್‌ನದ್ದೇ ಎನ್ನುವುದೂ ನ್ಯಾಯವಲ್ಲ. ಒಬಾಮ ನೇಮಿಸಿದ ಪರಿಶೀಲನಾ ತಂಡವು 2010ರ ಜನವರಿಯಲ್ಲಿ ವರದಿ ನೀಡಿತು. 240 ಮಂದಿಯಲ್ಲಿ 126 ಮಂದಿಯನ್ನು ಬೇರೆಡೆಗೆ ಕಳುಹಿಸಬಹುದು, 36 ಮಂದಿಯ ಮೇಲೆ ಮೊಕದ್ದಮೆ ಹೂಡಬಹುದು, 30 ಮಂದಿ ಯೆಮನಿಗಳನ್ನು ಅಲ್ಲಿನ ಪರಿಸ್ಥಿತಿ ಸುಧಾರಿಸಿದರೆ ಬಿಡಬಹುದು. ಉಳಿದ 48 ಮಂದಿ? ಅವರ ಮೇಲೆ ಮೊಕದ್ದಮೆ ಹೂಡಲು ಸಾಧ್ಯವಿಲ್ಲ, ಬಿಡಲೂ ಆಗದು. ಅವಧಿಯ ಮಿತಿಯಿಲ್ಲದೆ ಬಂಧನದಲ್ಲಿಡಬೇಕು ಎಂದಿತು ವರದಿ. ಅಂದರೆ ಸೆರೆಮನೆಯ ಕಟ್ಟಡವನ್ನು ಮುಚ್ಚಲು ಹೊರಟವರು ಅದರ ತತ್ವವನ್ನು ಉಳಿಸಿಕೊಂಡರು. ಸಮಸ್ಯೆಯಿದ್ದುದು ಕ್ಯೂಬಾದ ಆ ಕಟ್ಟಡದಲ್ಲೋ ಅಥವಾ ವಿಚಾರಣೆಯಿಲ್ಲದ ಬಂಧನದಲ್ಲೋ?

ಚಿತ್ರಹಿಂಸೆಯ ವಿಷಯದಲ್ಲೂ ಹೀಗೆಯೇ ಆಯಿತು. ಹಳೆಯ ಆಡಳಿತದ ಗುಪ್ತ ಕಾನೂನು ಟಿಪ್ಪಣಿಗಳನ್ನು 2009ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಲಾಯಿತು. ಖಾಲಿದ್ ಶೇಖ್ ಮುಹಮ್ಮದ್ ಎಂಬ ಕೈದಿಗೆ ನೀರಿನಿಂದ ಉಸಿರುಗಟ್ಟಿಸುವ ಹಿಂಸೆಯನ್ನು ಒಂದೇ ತಿಂಗಳಲ್ಲಿ 183 ಬಾರಿ ನೀಡಲಾಗಿತ್ತೆಂದು ಜಗತ್ತು ತಿಳಿಯಿತು. ಆದರೆ ಆ ಟಿಪ್ಪಣಿಗಳನ್ನು ನಂಬಿ ನಡೆದ ಅಧಿಕಾರಿಗಳನ್ನು ಶಿಕ್ಷಿಸುವುದಿಲ್ಲವೆಂದು ಅಧ್ಯಕ್ಷರು ಅದೇ ದಿನ ಘೋಷಿಸಿದರು. ಹಿಂಸೆ ನೀಡಿದವರಿಗೆ ಶಿಕ್ಷೆಯಾಗಲಿಲ್ಲ. ಅದಕ್ಕಿಂತ ವಿಪರ್ಯಾಸವೆಂದರೆ, ಹಿಂಸೆಯ ಕಳಂಕ ತಟ್ಟಿದ ಪುರಾವೆಗಳಿಂದಾಗಿ ಸೆಪ್ಟೆಂಬರ್ 11ರ ಮೊಕದ್ದಮೆಯೇ ಕುಂಟುತ್ತಾ ಸಾಗಿತು. ಅದನ್ನು ನ್ಯೂಯಾರ್ಕಿನ ಸಾಮಾನ್ಯ ನ್ಯಾಯಾಲಯದಲ್ಲಿ ನಡೆಸುವುದಾಗಿ 2009ರ ನವೆಂಬರ್‌ನಲ್ಲಿ ಘೋಷಿಸಿ, 2011ರ ಏಪ್ರಿಲ್‌ನಲ್ಲಿ ಹಿಂದೆಗೆದುಕೊಳ್ಳಲಾಯಿತು. 2024ರ ಜುಲೈಯಲ್ಲಿ ತಪ್ಪೊಪ್ಪಿಗೆಯ ಒಪ್ಪಂದವಾಯಿತು. ಎರಡೇ ದಿನಗಳಲ್ಲಿ ರಕ್ಷಣಾ ಸಚಿವರು ಅದನ್ನು ರದ್ದುಪಡಿಸಿದರು. 2025ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು. ಅವಳಿ ಗೋಪುರಗಳಲ್ಲಿ ಮಗನನ್ನು ಕಳೆದುಕೊಂಡ ತಾಯಿಗೂ ನ್ಯಾಯ ಸಿಗಲಿಲ್ಲ. ಅನ್ಯಾಯದ ದಾರಿಯು ಅನ್ಯಾಯಕ್ಕೊಳಗಾದ ಯಾರನ್ನೂ ಗುರಿ ಮುಟ್ಟಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಈಗ ಇದೇ ಅಧ್ಯಕ್ಷರ ಇನ್ನೊಂದು ಕಾರ್ಯವನ್ನು ಹೋಲಿಸಿ ನೋಡೋಣ. 2010ರ ಮಾರ್ಚ್ 23ರಂದು ಅವರು ಆರೋಗ್ಯ ವಿಮೆಯ ಹೊಸ ಕಾನೂನಿಗೆ ಸಹಿ ಹಾಕಿದರು. ವಿರೋಧ ಅದಕ್ಕೂ ಇತ್ತು. 2012ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ಒಂದೇ ಮತದ ಅಂತರದಿಂದ ಉಳಿಯಿತು. 2017ರ ಜುಲೈಯಲ್ಲಿ ಹೊಸ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅದನ್ನು ರದ್ದುಪಡಿಸಲು ಹೊರಟಾಗ ಸೆನೆಟ್‌ನಲ್ಲಿ 49-51ರಿಂದ ಸೋತರು. ಅವರದೇ ಪಕ್ಷದ ಜಾನ್ ಮೆಕೇನ್ ವಿರುದ್ಧವಾಗಿ ಮತ ಹಾಕಿದರು. ಆರೋಗ್ಯ ಕಾನೂನು ಉಳಿಯಿತು, ಗ್ವಾಂಟನಾಮೊ ಆದೇಶ ಉಳಿಯಲಿಲ್ಲ. ಕಾರಣ ಎರಡು. ಮೊದಲನೆಯದು, ಅದು ಸಂಸತ್ತು ಅಂಗೀಕರಿಸಿದ ಕಾನೂನು, ಇದು ಅಧ್ಯಕ್ಷರೊಬ್ಬರ ಸಹಿ. ಎರಡನೆಯದು ಇನ್ನೂ ಮುಖ್ಯವಾದುದು. ವಿಮೆ ಪಡೆದ ಜನರು ಪ್ರತಿಯೊಂದು ಊರಿನಲ್ಲಿದ್ದರು, ಅವರಿಗೆ ಮತವಿತ್ತು. ಗ್ವಾಂಟನಾಮೊದ ಕೈದಿಗೆ ಮತವಿರಲಿಲ್ಲ. ಅವನ ಪರವಾಗಿ ಮಾತನಾಡಿದ ಸಂಸದನಿಗೆ ಒಂದು ಮತವೂ ಹೆಚ್ಚುವುದಿರಲಿಲ್ಲ, ಕಳೆದುಕೊಳ್ಳುವುದಷ್ಟೇ ಇತ್ತು. ಚುನಾವಣಾ ರಾಜಕೀಯ ಎಲ್ಲಿಯೇ ಇರಲಿ, ಅದು ಮತವಿಲ್ಲದವನ ಪರವಾಗಿ ತಾನಾಗಿ ನಿಲ್ಲುವುದಿಲ್ಲ. ಜನರ ಆತ್ಮಸಾಕ್ಷಿ ಅದನ್ನು ನಿಲ್ಲಿಸಬೇಕಾಗುತ್ತದೆ.

2013ರಲ್ಲಿ ನೂರಕ್ಕೂ ಹೆಚ್ಚು ಕೈದಿಗಳು ಉಪವಾಸ ಮುಷ್ಕರ ಹೂಡಿದರು. ತಪಾಸಣೆಯ ವೇಳೆ ಪವಿತ್ರ ಕುರ್‌ಆನಿಗೆ ಅಗೌರವ ತೋರಲಾಯಿತೆಂಬುದು ಅವರ ದೂರಾಗಿತ್ತು. ಸೇನೆ ಅದನ್ನು ಅಲ್ಲಗಳೆಯಿತು. ಹಲವರಿಗೆ ಮೂಗಿನ ಮೂಲಕ ನಳಿಕೆ ಇಳಿಸಿ ಬಲವಂತವಾಗಿ ಆಹಾರ ನೀಡಲಾಯಿತು. ಮರೆತುಹೋಗಿದ್ದ ಸೆರೆಮನೆ ಮತ್ತೆ ಸುದ್ದಿಯಾಯಿತು, ಬಿಡುಗಡೆಗಳು ಮತ್ತೆ ವೇಗ ಪಡೆದವು. ಅಧಿಕಾರದಿಂದ ಇಳಿಯುವಾಗ ಒಬಾಮ ಉಳಿಸಿ ಹೋದದ್ದು 41 ಮಂದಿಯನ್ನು.

ಆ 41ರಲ್ಲಿ ಒಬ್ಬರ ಕತೆಯನ್ನು ನೀವು ಕೇಳಲೇಬೇಕು. ಅವರು ಮೊರಾಕ್ಕೋದ ಅಬ್ದುಲ್ ಲತೀಫ್ ನಾಸಿರ್. ಅವರನ್ನು ಸ್ವದೇಶಕ್ಕೆ ಕಳುಹಿಸಬಹುದೆಂದು 2016ರ ಜುಲೈಯಲ್ಲಿ ಪರಿಶೀಲನಾ ಮಂಡಳಿ ತೀರ್ಮಾನಿಸಿತು. ಆದರೆ ಯಾರನ್ನೇ ಕಳುಹಿಸುವುದಿದ್ದರೂ 30 ದಿನ ಮುಂಚಿತವಾಗಿ ಸಂಸತ್ತಿಗೆ ತಿಳಿಸಬೇಕೆಂಬುದು ನಿಯಮ. ಮೊರಾಕ್ಕೋ ಸರಕಾರದ ಒಪ್ಪಿಗೆ ಪತ್ರ ಬರುವಾಗ ಡಿಸೆಂಬರ್ ತಿಂಗಳು ಮುಗಿಯುತ್ತಿತ್ತು. ಜನವರಿ 20ಕ್ಕೆ ಹೊಸ ಅಧ್ಯಕ್ಷರು ಬರುವವರಿದ್ದರು. 30 ದಿನಗಳು ಉಳಿದಿರಲಿಲ್ಲ. ಟ್ರಂಪ್ ಬಂದರು, ಬಿಡುಗಡೆ ನಿಂತಿತು. 2018ರ ಜನವರಿಯಲ್ಲಿ ಸೆರೆಮನೆಯನ್ನು ತೆರೆದಿಡುವ ಆದೇಶವೇ ಹೊರಬಿತ್ತು. ನಾಸಿರ್ ಮನೆ ಸೇರಿದ್ದು ಜೋ ಬೈಡನ್ ಕಾಲದಲ್ಲಿ, 2021ರ ಜುಲೈಯಲ್ಲಿ. ಕೆಲವೇ ದಿನಗಳ ವಿಳಂಬಕ್ಕೆ ಒಬ್ಬ ಮನುಷ್ಯ ತೆತ್ತ ಬೆಲೆ ನಾಲ್ಕೂವರೆ ವರ್ಷ. ‘ಯಾರು ಬಂದರೂ ಅಷ್ಟೇ’ ಎನ್ನುವವರು ಈ ಮನುಷ್ಯನ ಮುಂದೆ ಆ ಮಾತನ್ನು ಹೇಳಬಲ್ಲರೇ? ಅಧ್ಯಕ್ಷರು ಬದಲಾಗುವುದರಿಂದ ಎಲ್ಲವೂ ಬದಲಾಗುವುದಿಲ್ಲ, ನಿಜ. ಆದರೆ ಏನೂ ಬದಲಾಗುವುದಿಲ್ಲ ಎಂಬುದೂ ನಿಜವಲ್ಲ.

ಆದೇಶಗಳ ಆಯುಷ್ಯ ಎಷ್ಟೆಂಬುದಕ್ಕೆ ಇನ್ನೊಂದು ಉದಾಹರಣೆ ಪ್ರಯಾಣ ನಿಷೇಧ. 2017ರ ಜನವರಿ 27ರಂದು ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳವರ ಪ್ರವೇಶವನ್ನು ಟ್ರಂಪ್ ತಡೆದರು. ಸಾವಿರಾರು ಅಮೇರಿಕನ್ನರು ವಿಮಾನ ನಿಲ್ದಾಣಗಳಿಗೆ ಧಾವಿಸಿ ಪ್ರತಿಭಟಿಸಿದರು. ವಕೀಲರು ನೆಲದಲ್ಲಿ ಕುಳಿತು ಅಪರಿಚಿತ ಪ್ರಯಾಣಿಕರಿಗಾಗಿ ಅರ್ಜಿ ಬರೆದರು. ನ್ಯಾಯಾಲಯಗಳು ತಡೆಯಾಜ್ಞೆ ನೀಡಿದವು. ಎರಡು ಬಾರಿ ತಿದ್ದಿ ಬರೆದ ಮೂರನೆಯ ಆದೇಶವನ್ನು 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಿಂದ ಎತ್ತಿಹಿಡಿಯಿತು. 2021ರ ಜನವರಿ 20ರಂದು ಬೈಡನ್ ಅದನ್ನು ರದ್ದುಪಡಿಸಿದರು. 2025ರ ಜೂನ್ 4ರಂದು, ಮರಳಿ ಅಧ್ಯಕ್ಷರಾದ ಟ್ರಂಪ್ 12 ದೇಶಗಳವರ ಮೇಲೆ ಹೊಸ ನಿಷೇಧ ಹೇರಿದರು. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಗುತ್ತದೆ, ಮತ್ತೊಂದು ಸಹಿಯಿಂದ ಮರಳುತ್ತದೆ. ನಡುವೆ ಒಡೆದುಹೋಗುವುದು ಕುಟುಂಬಗಳು.

2025ರ ಜನವರಿ 20ರಂದು ಟ್ರಂಪ್ ಎರಡನೆಯ ಬಾರಿ ಅಧಿಕಾರ ವಹಿಸಿಕೊಂಡಾಗ ಆದೇಶಗಳ ಮಳೆಯೇ ಸುರಿಯಿತು. ಅಮೇರಿಕದಲ್ಲಿ ಹುಟ್ಟಿದವರಿಗೆ ಸಿಗುವ ಪೌರತ್ವವನ್ನು ಮಿತಿಗೊಳಿಸುವ ಆದೇಶವನ್ನು ಮೂರೇ ದಿನಗಳಲ್ಲಿ ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ತಡೆದರು. ನಮ್ಮ ನಾಡಿನಿಂದ ಹೋಗಿ ಅಲ್ಲಿ ತಾತ್ಕಾಲಿಕ ವೀಸಾದಲ್ಲಿ ದುಡಿಯುವ ಎಷ್ಟೋ ದಂಪತಿಗಳು ಆ ದಿನಗಳನ್ನು ಉಸಿರು ಬಿಗಿಹಿಡಿದು ಕಳೆದಿರಬೇಕು. ಗ್ವಾಂಟನಾಮೊದಲ್ಲಿ ಆಗ ಉಳಿದಿದ್ದ ಹಳೆಯ ಕೈದಿಗಳು 15 ಮಂದಿ ಮಾತ್ರ. ಆದರೆ ಜನವರಿ 29ರಂದು ಹೊಸ ಸೂಚನೆ ಹೊರಟಿತು. ದಾಖಲೆಯಿಲ್ಲದ ವಲಸಿಗರನ್ನು ಅಲ್ಲಿಡಲು ವ್ಯವಸ್ಥೆಯನ್ನು ವಿಸ್ತರಿಸಬೇಕು. 30 ಸಾವಿರ ಹಾಸಿಗೆಗಳಿವೆ ಎಂದರು ಅಧ್ಯಕ್ಷರು. ಫೆಬ್ರವರಿಯ ಮೊದಲ ವಾರದಲ್ಲೇ ವಲಸಿಗರನ್ನು ಹೊತ್ತ ವಿಮಾನ ಅಲ್ಲಿ ಇಳಿಯಿತು. ಈ ಬಾರಿ ಬಂದವರು ಅಫ್ಘನ್ನರೋ ಯೆಮನಿಗಳೋ ಆಗಿರಲಿಲ್ಲ. ಆರಂಭದಲ್ಲಿ ಬಂದ ಹೆಚ್ಚಿನವರು ವೆನೆಜುವೆಲಾ ದೇಶದವರು.

ಸಹೋದರ ಸಹೋದರಿಯರೇ, ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿದ್ದುದು ಇದನ್ನೇ. ಕಾನೂನಿಗೆ ಹೊರತಾದ ಒಂದು ಜಾಗವನ್ನು ಒಂದು ಸಮುದಾಯಕ್ಕಾಗಿ ನಿರ್ಮಿಸಿದಾಗ, ‘ಅದು ಅವರಿಗೆ, ನಮಗಲ್ಲ’ ಎಂದು ಉಳಿದವರು ಸುಮ್ಮನಿರುತ್ತಾರೆ. ಆದರೆ ಆ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಇಂದು ಒಬ್ಬರು, ನಾಳೆ ಇನ್ನೊಬ್ಬರು. ಇದು ನಮಗೂ ಅನ್ವಯಿಸುವ ಪಾಠ. ಮುಸ್ಲಿಮ್ ಕೈದಿಗಾಗಿ ಮಿಡಿಯುವ ನಮ್ಮ ಹೃದಯ ವೆನೆಜುವೆಲಾದ ಕ್ರೈಸ್ತ ವಲಸಿಗನಿಗಾಗಿ ಮಿಡಿಯದಿದ್ದರೆ ನಾವು ನ್ಯಾಯದ ಪರವಾಗಿಲ್ಲ, ಕೇವಲ ನಮ್ಮವರ ಪರವಾಗಿದ್ದೇವೆ. ಚಾರ್ಲ್ಸ್ ಸ್ವಿಫ್ಟ್ ಎಂಬ ಆ ಅಧಿಕಾರಿ ಹಮ್ದಾನ್‌ನ ಧರ್ಮ ನೋಡಿ ವಾದಿಸಲಿಲ್ಲ. ಅವರ ಮುಂದೆ ನಾವು ಸಣ್ಣವರಾಗಬಾರದು.

2015ರ ಮಾರ್ಚ್‌ನಲ್ಲಿ ಓಹಿಯೋ ರಾಜ್ಯದ ಸಭೆಯೊಂದರಲ್ಲಿ ಒಬಾಮರಿಗೆ ಒಂದು ಪ್ರಶ್ನೆ ಎದುರಾಯಿತು. ಮೊದಲ ದಿನಕ್ಕೆ ಮರಳುವ ಅವಕಾಶವಿದ್ದರೆ ತಮಗೇ ಏನು ಸಲಹೆ ಕೊಟ್ಟುಕೊಳ್ಳುತ್ತೀರಿ? ಮೊದಲ ದಿನವೇ ಗ್ವಾಂಟನಾಮೊವನ್ನು ಮುಚ್ಚಿಬಿಡುತ್ತಿದ್ದೆ ಎಂಬರ್ಥದ ಉತ್ತರವನ್ನು ಅವರು ಕೊಟ್ಟರು. ಎಲ್ಲರೂ ಒಪ್ಪಿದ್ದಾರೆ, ಸಮಯವಿದೆ ಎಂದುಕೊಂಡಿದ್ದರಂತೆ. ಅಷ್ಟರಲ್ಲಿ ರಾಜಕೀಯ ಬಿಸಿಯಾಯಿತು. ಜಗತ್ತಿನ ಅತ್ಯಂತ ಬಲಿಷ್ಠ ಕುರ್ಚಿಯಲ್ಲಿ ಕುಳಿತವರ ಪಶ್ಚಾತ್ತಾಪವಿದು. ಒಳಿತನ್ನು ಮಾಡಲು ಅವಕಾಶದ ಬಾಗಿಲು ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ. ಅಧ್ಯಕ್ಷರಿಗಾದರೂ ಅಷ್ಟೇ, ನಮ್ಮ ಊರಿನ ಜಮಾಅತಿನ ಪದಾಧಿಕಾರಿಗಾದರೂ ಅಷ್ಟೇ, ಮನೆಯ ಯಜಮಾನನಿಗಾದರೂ ಅಷ್ಟೇ.

ಆದ್ದರಿಂದ ಮುಂದೆ ಅಮೇರಿಕದಲ್ಲಿ ಯಾರೇ ಅಧ್ಯಕ್ಷರಾಗಲಿ, ಅವರ ಮೊದಲ ದಿನದ ಭಾಷಣ ಕೇಳಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅವರು ಸಹಿ ಹಾಕಿದ್ದು ಕಾನೂನಾಯಿತೇ, ಅದಕ್ಕೆ ಹಣ ಮಂಜೂರಾಯಿತೇ, ನ್ಯಾಯಾಲಯ ಏನು ಹೇಳಿತು, ಜನರು ಅದರ ಜೊತೆ ನಿಂತರೇ ಎಂದು ಕೇಳೋಣ. ನಮ್ಮ ಮಕ್ಕಳಿಗೂ ಹಾಗೆ ಕೇಳುವುದನ್ನು ಕಲಿಸೋಣ. ಮತ್ತು ನಮ್ಮದೇ ಜಿಲ್ಲೆಯ ಸೆರೆಮನೆಯಲ್ಲಿ ವಿಚಾರಣೆಗಾಗಿ ವರ್ಷಗಟ್ಟಲೆ ಕಾಯುತ್ತಿರುವವರಿದ್ದರೆ, ಅವರು ಯಾವ ಜಾತಿ ಧರ್ಮದವರೇ ಆಗಿರಲಿ, ಅವರ ಮನೆಯ ಬಾಗಿಲನ್ನು ಒಮ್ಮೆಯಾದರೂ ತಟ್ಟೋಣ. ಗ್ವಾಂಟನಾಮೊ ಬಹಳ ದೂರದಲ್ಲಿದೆ. ಆ ಮನೆ ಹತ್ತಿರದಲ್ಲಿದೆ.